ಸಣ್ಣ ಕಾರ್ಖಾನೆಗಳೂ ಸ್ಫೋಟದ ಭಯವೂ

ಶಿವಮೊಗ್ಗೆಯ ಸಮೀಪದ ಹುಣಸೋಡಿನಲ್ಲಿ ೨೦೨೧ನೆಯ ಇಸವಿ ಜನವರಿ ೨೧ರ ರಾತ್ರಿ ಕಲ್ಲುಗಣಿಯ ಸಿಡಿಮದ್ದು ಸ್ಫೋಟಗೊಂಡು ಕೂಲಿಕಾರರು ಪ್ರಾಣ ಕಳೆದುಕೊಂಡುದನ್ನು ನಮ್ಮ ವಾಚಕರು ಮರೆತಿರಲಾರರು. ಆ ಸ್ಫೋಟದ ಕಂಪನವು ನೆರೆಯ ನಮ್ಮ ಚಿಕ್ಕಮಗಳೂರು ಜಿಲ್ಲೆಗೂ ಮುಟ್ಟಿ, ಭೂಕಂಪವಾಯಿತೆಂದು ಜನರು ಗಾಬರಿಗೊಂಡಿದ್ದರು. ಅದಾಗಿ ಒಂದು ತಿಂಗಳೂ ಎರಡು ದಿನವೂ ಕಳೆಯುವಷ್ಟರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ಹಿರೇನಾಗವಲ್ಲಿಯಲ್ಲಿ ಜಿಲೆಟಿನ್ ಕಡ್ಡಿಗಳು ಸಿಡಿದು ಆರು ಮಂದಿ ಮಡಿದರು. ಬಳಿಕ ಕಲ್ಲುಗಣಿಗಳ ಸಿಡಿಮದ್ದು ಎಲ್ಲಿಂದ ಬರುತ್ತದೆ, ಯಾರ ವಶದಲ್ಲಿರುತ್ತದೆ ಎಂಬ ವಿಚಾರಣೆಯು ಜಿಲ್ಲೆಜಿಲ್ಲೆಗಳಲ್ಲಿಯೂ ನಡೆಯಿತು. ನಡೆಯತಕ್ಕದ್ದೇ ಆಗಿತ್ತು. ಆದರೆ ಪೆಟ್ಟಿಗೆಯಲ್ಲಿ ಬರುವ, ಚೀಟಿ ಅಂಟಿಸಿಕೊಂಡಿರುವ, ಲೈಸೆನ್ಸು ಬೇಡುವ ಮದ್ದೊಂದೇ ಸ್ಫೋಟಿಸತಕ್ಕ ವಸ್ತುವೆಂಬ ತಿಳಿವಳಿಕೆಯು ಆ ವಿಚಾರಣೆಯಿಂದ ನಮ್ಮ ಜನರಲ್ಲಿ ಇನ್ನಷ್ಟು ಬಲಪಟ್ಟಿತೇನೋ ಎಂದು ನಮಗೆ ಸಂದೇಹವಿದೆ. ಕೆಲಸ ನಡೆಯುವ ಕೊಠಡಿಯ ಗಾಳಿಯೇ ಮದ್ದಾಗಿ ಮಾರ್ಪಡುವುದುಂಟು. ಅದಕ್ಕೆ ಚೀಟಿಯೂ ಇಲ್ಲ, ಲೈಸೆನ್ಸೂ ಇಲ್ಲ.

೨೦೨೫ನೆಯ ಜೂನ್ ೩೦ರ ಬೆಳಗ್ಗೆ ತೆಲಂಗಾಣದ ಸಂಗಾರೆಡ್ಡಿ ಜಿಲ್ಲೆಯ ಪಾಶಮೈಲಾರಂನಲ್ಲಿ ಸಿಗಾಚಿ ಇಂಡಸ್ಟ್ರೀಸ್ ಎಂಬ ಔಷಧೋದ್ಯಮದ ಕಾರ್ಖಾನೆಯು ಸ್ಫೋಟಕ್ಕೆ ಸಿಕ್ಕಿ ೪೦ಕ್ಕೂ ಹೆಚ್ಚು ಮಂದಿ ಮೃತರಾದರು. ಅಲ್ಲಿ ತಯಾರಾಗುತ್ತಿದ್ದುದು ಮದ್ದುಗುಂಡಲ್ಲ, ಪೆಟ್ರೋಲೂ ಅಲ್ಲ. ನಾವು ದಿನವೂ ನುಂಗುವ ಮಾತ್ರೆಗಳು ಪುಡಿಯಾಗದಂತೆ ಹಿಡಿದಿಡುವ ಸೆಲ್ಯುಲೋಸ್ ಎಂಬ ಬಿಳಿಯ ಹುಡಿ. ಮರದ ತಿರುಳಿನಿಂದ ತೆಗೆಯುವ, ಮೈಮೇಲೆ ಚೆಲ್ಲಿಕೊಂಡರೂ ಏನೂ ಆಗದ ಈ ಹುಡಿಯನ್ನು ಒಣಗಿಸುವ ವಿಭಾಗದಲ್ಲಿ ಅನಾಹುತವು ಉಂಟಾಯಿತೆಂದು ವರದಿಗಳಿಂದ ತಿಳಿದುಬಂದಿತು. ಸತ್ತವರಲ್ಲಿ ಬಹುಮಂದಿ ಹೊಟ್ಟೆಪಾಡಿಗಾಗಿ ಪರಪ್ರಾಂತಗಳಿಂದ ಬಂದ ಕೂಲಿಕಾರರು. ಅದೇ ವರ್ಷ ನವೆಂಬರ್ ೨೧ರಂದು ಭಾರತ ಸರ್ಕಾರದವರು ೧೯೪೮ರ ಕಾರ್ಖಾನೆಗಳ ಕಾಯಿದೆಯನ್ನು ಬದಿಗಿಟ್ಟು, ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ೨೦೨೦ರ ಸಂಹಿತೆಯನ್ನು ಜಾರಿಗೆ ತಂದರು. ವಿದ್ಯುತ್ ಬಳಸುವ ಕೆಲಸದ ಸ್ಥಳವು ಹಿಂದೆ ಹತ್ತು ಮಂದಿ ಕೆಲಸಗಾರರಿದ್ದರೆ ಕಾರ್ಖಾನೆಯೆನಿಸುತ್ತಿತ್ತು; ಈಗ ಇಪ್ಪತ್ತು ಮಂದಿ ಇರಬೇಕು. ಈ ಎರಡು ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕೆಂಬುದು ಇಂದಿನ ನಮ್ಮ ಲೇಖನದ ಉದ್ದೇಶ. ಕಡೂರು, ತರೀಕೆರೆ ಮತ್ತು ತರೀಕೆರೆಯಿಂದ ಬೇರ್ಪಟ್ಟು ತಾಲ್ಲೂಕಾಗಿರುವ ಅಜ್ಜಂಪುರ, ಈ ಮೂರು ಕಡೆಗಳಲ್ಲಿ ಉದ್ಯಮವೆಂಬುದೆಲ್ಲ ಬಹುಪಾಲು ಸಣ್ಣದೇ ಆಗಿರುವುದರಿಂದ ನಮಗೆ ಇದು ದೂರದ ವಿಷಯವಲ್ಲ.

ಮೊದಲು ವಿಷಯದ ಸ್ವರೂಪವನ್ನು ತಿಳಿಯಬೇಕು. ಬಯಲಾಟದಲ್ಲಿ ರಾಕ್ಷಸವೇಷವು ರಂಗಕ್ಕೆ ಬರುವಾಗ ಪಂಜಿನ ಮೇಲೆ ರಾಳದ ಪುಡಿಯನ್ನು ಎರಚುವುದನ್ನು ನಮ್ಮ ವಾಚಕರಲ್ಲಿ ಅನೇಕರು ನೋಡಿದ್ದಾರೆ. ರಾಳದ ಗಟ್ಟಿಯನ್ನು ಕೆಂಡದ ಮೇಲಿಟ್ಟರೆ ಅದು ಕರಗಿ ಮೆಲ್ಲಗೆ ಉರಿಯುತ್ತದೆ. ಅದನ್ನೇ ಅರೆದು ಗಾಳಿಗೆ ತೂರಿದರೆ ಭುಗ್ಗೆಂದು ಆಳೆತ್ತರದ ಜ್ವಾಲೆಯೇಳುತ್ತದೆ. ಹುಡಿಯ ಒಂದೊಂದು ಕಣಕ್ಕೂ ಸುತ್ತಲೂ ಗಾಳಿ ದೊರೆಯುವುದರಿಂದ ಎಲ್ಲವೂ ಏಕಕಾಲದಲ್ಲಿ ಉರಿದುಹೋಗುವುದೇ ಇದಕ್ಕೆ ಕಾರಣ. ಬಯಲಿನಲ್ಲಾದರೆ ಅದು ವಿನೋದ. ನಾಲ್ಕು ಗೋಡೆಗಳ ನಡುವೆ ಅಥವಾ ಯಂತ್ರದ ಹೊಟ್ಟೆಯೊಳಗೆ ಹೀಗಾದರೆ, ಉಬ್ಬಿದ ಬಿಸಿಗಾಳಿಗೆ ಹೊರಗೆ ಹೋಗಲು ದಾರಿಯಿಲ್ಲದೆ ಅದು ಗೋಡೆಯನ್ನೂ ಮಾಡನ್ನೂ ಒಡೆದುಕೊಂಡು ಹೋಗುತ್ತದೆ. ಹಿಟ್ಟು, ಸಕ್ಕರೆ, ಮರದ ಹುಡಿ, ಇದ್ದಿಲಿನ ಹುಡಿ, ಅರಳೆಯ ಧೂಳು ಇವೆಲ್ಲವೂ ಈ ಗುಣವುಳ್ಳವು. ಪೆಟ್ರೋಲಿನ ಆವಿ, ಅಡಿಗೆಯ ಅನಿಲ, ಸಗಣಿಯ ಅನಿಲಗಳ ಮಾತು ಹೇಳಬೇಕಾದುದೇ ಇಲ್ಲ.

ಹುಡಿಯ ಈ ಗುಣವು ಹೊಸದಾಗಿ ಕಂಡುಹಿಡಿದ ಸಂಗತಿಯೂ ಅಲ್ಲ. ಇಟಲಿಯ ಟ್ಯೂರಿನ್ ಪಟ್ಟಣದಲ್ಲಿ ರೊಟ್ಟಿಯವನೊಬ್ಬನ ಉಗ್ರಾಣವು ೧೭೮೫ರ ಡಿಸೆಂಬರಿನಲ್ಲಿ ಹಿಟ್ಟಿನ ಧೂಳಿಗೆ ದೀಪ ತಗುಲಿ ಸಿಡಿದುದನ್ನು ಮೊರೋಟ್ಸೊ ಎಂಬ ಪಂಡಿತನು ಆಗಲೇ ಬರೆದಿಟ್ಟಿದ್ದಾನೆ. ೧೮೭೮ರಲ್ಲಿ ಅಮೆರಿಕದ ಮಿನಿಯಾಪೊಲಿಸ್ ಪಟ್ಟಣದ ಬೃಹತ್ತಾದ ಹಿಟ್ಟಿನ ಗಿರಣಿಯೊಂದು ಹೀಗೆಯೇ ನೆಲಸಮವಾಗಿ ೧೮ ಮಂದಿ ಸತ್ತರು. ನಮ್ಮ ದೇಶದಲ್ಲಿ ಆಗ ಬಿಹಾರಕ್ಕೆ ಸೇರಿದ್ದ ಧೋರಿಯ ಕಲ್ಲಿದ್ದಲ ಗಣಿಯಲ್ಲಿ ೧೯೬೫ರ ಮೇ ೨೮ರಂದು ಇದ್ದಲ ಧೂಳು ಸಿಡಿದು ೨೬೮ ಮಂದಿ ಪ್ರಾಣಬಿಟ್ಟರು. ಅಮೆರಿಕದ ಜಾರ್ಜಿಯಾ ಪ್ರಾಂತದ ಸಕ್ಕರೆಯ ಕಾರ್ಖಾನೆಯೊಂದರಲ್ಲಿ ೨೦೦೮ರ ಫೆಬ್ರವರಿಯಲ್ಲಿ ೧೪ ಮಂದಿ ಸತ್ತರು. ಎರಡು ಶತಮಾನಗಳಿಂದ ತಿಳಿದಿರುವ ವಿಷಯದಿಂದ ೨೦೨೫ರಲ್ಲಿಯೂ ಜನರು ಗುಂಪುಗುಂಪಾಗಿ ಸಾಯುವುದಾದರೆ ಅದನ್ನು ದೈವಲೀಲೆಯೆಂದು ಕರೆಯಲು ನಾವು ಸಿದ್ಧರಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಕಡೂರು ಬೀರೂರುಗಳ ಸುತ್ತ ತೆಂಗು, ತರೀಕೆರೆಯ ಕಡೆ ಅಡಿಕೆ, ಅಜ್ಜಂಪುರದ ಕಪ್ಪು ನೆಲದಲ್ಲಿ ಈರುಳ್ಳಿ ಮತ್ತು ಧಾನ್ಯ. ತುಮಕೂರಿನಿಂದ ಶಿವಮೊಗ್ಗೆಗೆ ಹೋಗುವ ಹೆದ್ದಾರಿ ಮತ್ತು ಬೀರೂರಿನ ಜಂಕ್ಷನ್ನು ಇವನ್ನು ಆಶ್ರಯಿಸಿಕೊಂಡ ಗ್ಯಾರೇಜುಗಳು, ಹೋಟೆಲುಗಳು. ಇಂತಹ ಸೀಮೆಯ ಉದ್ಯಮಗಳು ಹಿಟ್ಟಿನ ಗಿರಣಿ, ಅಕ್ಕಿಯ ಗಿರಣಿ, ಮರ ಕೊಯ್ಯುವ ಗಿರಣಿ, ಎಣ್ಣೆಯ ಗಾಣ, ತೆಂಗಿನ ನಾರು ಬಿಡಿಸುವುದು, ಕರಟ ಸುಡುವುದು, ಬೆಸುಗೆಯ ಅಂಗಡಿ ಎಂಬ ಜಾತಿಯವು. ಒಂದೊಂದರಲ್ಲಿ ಮೂರರಿಂದ ಹತ್ತು ಹನ್ನೆರಡು ಮಂದಿ ದುಡಿಯುತ್ತಾರೆ. ಯಜಮಾನನೂ ಪಂಚೆ ಕಟ್ಟಿ ಅವರೊಡನೆ ದುಡಿಯುತ್ತಾನೆ. ಇದೇ ತರೀಕೆರೆ ತಾಲ್ಲೂಕಿನ ಕೆಮ್ಮಣ್ಣುಗುಂಡಿಯ ಅದಿರನ್ನು ನಂಬಿ ಭದ್ರಾವತಿಯಲ್ಲಿ ೧೯೨೩ರಲ್ಲಿ ಕುಲುಮೆ ಹೊತ್ತಿತು. ಅಂತಹ ಸ್ಥಳದಲ್ಲಿ ಅನಿಲದ ಅಪಾಯವನ್ನು ಅಳೆಯಲೆಂದೇ ಸಂಬಳ ಕೊಟ್ಟು ತಜ್ಞರನ್ನಿಡುವುದು ಸಾಧ್ಯ. ಕರಟದ ಹುಡಿ ಮಾಡುವ ನಾಲ್ಕು ಮಂದಿಯ ಕೊಟ್ಟಿಗೆಗೆ ಅಂತಹ ತಜ್ಞನನ್ನು ಎಲ್ಲಿಂದ ತರುವುದು?

ಇಂತಹ ಕೊಟ್ಟಿಗೆಯನ್ನು ಹೊಕ್ಕು ನೋಡಿದವರಿಗೆ ತೊಲೆಗಳ ಮೇಲೆ, ದೀಪದ ಬುರುಡೆಯ ಮೇಲೆ, ಮೋಟಾರಿನ ಬೆನ್ನಿನ ಮೇಲೆ ಮೆತ್ತಗೆ ಕುಳಿತಿರುವ ಹುಡಿಯು ಪರಿಚಿತವಾದುದೇ. ಅದು ಅಲ್ಲಿ ಕುಳಿತಿರುವಷ್ಟು ಕಾಲ ಸಿಡಿಯಲಾರದು. ಗಾಳಿಯಲ್ಲಿ ತೇಲುವ ಹುಡಿಯು ಘನ ಮೀಟರಿಗೆ ಸುಮಾರು ೫೦ ಗ್ರಾಂ ಆದಾಗ ಹಿಟ್ಟಿನಂತಹ ಪದಾರ್ಥವು ಸಿಡಿಯುವ ಮಟ್ಟಕ್ಕೆ ಬರುತ್ತದೆ. ಅಷ್ಟು ದಟ್ಟವಾದ ಧೂಳಿನಲ್ಲಿ ಎರಡು ಮೀಟರು ಆಚೆಗಿರುವ ೨೫ ವ್ಯಾಟಿನ ದೀಪವೂ ಕಾಣದು. ಅಂತಹ ಧೂಳಿನಲ್ಲಿ ಮನುಷ್ಯನು ನಿಂತು ಕೆಲಸಮಾಡಲಾರನಾದುದರಿಂದ ಯಾವ ಭಯವೂ ಇಲ್ಲವೆಂದು ಕೆಲವರು ವಾದಿಸುತ್ತಾರೆ. ಈ ವಾದವು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತದೆ. ಕೊಠಡಿಯಲ್ಲಿ ಅಷ್ಟು ಧೂಳಿಲ್ಲದಿದ್ದರೂ ಯಂತ್ರದ ಒಳಗೆ, ಹುಡಿಯನ್ನು ಮೇಲಕ್ಕೆತ್ತುವ ಬಕೆಟ್ ಸಾಲಿನ ಕೊಳವೆಯೊಳಗೆ, ಧೂಳು ಹಿಡಿಯುವ ಚೀಲದೊಳಗೆ ಅದು ಸದಾಕಾಲವೂ ಇರುತ್ತದೆ. ಎರಡನೆಯದಾಗಿ, ಅಲ್ಲಿ ಒಂದು ಸಣ್ಣ ಸಿಡಿತವಾದರೆ ಸಾಕು, ಅದರ ಹೊಡೆತಕ್ಕೆ ತೊಲೆಗಳ ಮೇಲಿನ ಹುಡಿಯೆಲ್ಲ ಮೇಲೆದ್ದು, ಹಿಂದೆಯೇ ಬರುವ ಜ್ವಾಲೆಗೆ ಆಹಾರವಾಗುತ್ತದೆ. ನೆಲದ ಮೇಲೆ ಒಂದೇ ಮಿಲಿಮೀಟರು ದಪ್ಪ ಹುಡಿ ಬಿದ್ದಿದೆಯೆನ್ನಿ. ಐದು ಮೀಟರು ಎತ್ತರದ ಕೊಠಡಿಯಲ್ಲಿ ಅದೆಲ್ಲವೂ ಮೇಲೆದ್ದರೆ ಘನ ಮೀಟರಿಗೆ ೧೦೦ ಗ್ರಾಂನಷ್ಟಾಗುತ್ತದೆ, ಎಂದರೆ ಮೇಲೆ ಹೇಳಿದುದಕ್ಕೆ ಎರಡರಷ್ಟು. ಜನರನ್ನು ಕೊಲ್ಲುವುದು ಹೆಚ್ಚಾಗಿ ಈ ಎರಡನೆಯ ಸಿಡಿತವೇ.

ಕಿಡಿಯಾದರೋ ಎಲ್ಲಿಂದಲಾದರೂ ಬರಬಹುದು. ಧಾನ್ಯದೊಡನೆ ಬಂದ ಒಂದು ಮೊಳೆ, ಒಂದು ಕಲ್ಲು, ಎಣ್ಣೆ ಕಾಣದೆ ಕಾದ ಬೇರಿಂಗು, ಜಾರುತ್ತಿರುವ ಪಟ್ಟಿ, ಮುಚ್ಚಳವಿಲ್ಲದ ಸ್ವಿಚ್ಚು, ಮಾಲೀಕರ ಬೀಡಿ. ಇವುಗಳಿಗೆ ಪರಿಹಾರವೂ ಕಷ್ಟದ್ದಲ್ಲ. ಧಾನ್ಯವು ಬೀಳುವ ಬಾಯಿಯಲ್ಲಿ ಒಂದು ಅಯಸ್ಕಾಂತ, ಧೂಳು ಹೊಗದಂತೆ ಮುಚ್ಚಿದ ದೀಪ ಮತ್ತು ಸ್ವಿಚ್ಚು, ಯಂತ್ರಕ್ಕೆ ಸರಿಯಾದ ಭೂಸಂಪರ್ಕದ ತಂತಿ, ಸಿಡಿದರೆ ಬಯಲ ಕಡೆಗೆ ಸುಲಭವಾಗಿ ಕಿತ್ತುಕೊಳ್ಳುವಂತಹ ತೆಳು ತಗಡಿನ ಗವಾಕ್ಷಿ. ಎಲ್ಲಕ್ಕಿಂತ ಮೊದಲು ಹುಡಿಯನ್ನು ದಿನದಿನವೂ ತೆಗೆಯುವುದು. ತೆಗೆಯುವಾಗ ಪೊರಕೆಯಿಂದ ಎಬ್ಬಿಸದೆ, ಗಾಳಿಯ ಕೊಳವೆಯಿಂದ ಊದದೆ, ಒದ್ದೆಬಟ್ಟೆಯಿಂದ ಒರಸುವುದು. ಗಾಳಿ ಊದಿ ತೊಲೆಗಳನ್ನು ಶುದ್ಧಿಮಾಡುವ ಪದ್ಧತಿಯು ಈಗ ಎಲ್ಲೆಡೆಯೂ ಹರಡಿದೆ. ನೋಡುವುದಕ್ಕೆ ಅದು ಚುರುಕಾದ ಕೆಲಸ; ಆದರೆ ಸ್ಫೋಟಕ್ಕೆ ಬೇಕಾದ ಮೋಡವನ್ನು ಕೈಯಾರೆ ಕಟ್ಟಿಕೊಡುವ ಕೆಲಸವೂ ಅದೇ ಆಗಿದೆ.

ಹುಡಿಗಿಂತಲೂ ಹೆಚ್ಚಿನ ಭಯವನ್ನು ನಾವು ಕಾಣುತ್ತಿರುವುದು ಹೆದ್ದಾರಿಯ ಬೆಸುಗೆಯ ಅಂಗಡಿಗಳಲ್ಲಿ. ಡೀಸೆಲಿನದೋ, ತಾರಿನದೋ, ಬಣ್ಣದ್ದೋ, ಯಾವುದೋ ರಾಸಾಯನಿಕದ್ದೋ ಖಾಲಿ ಡ್ರಮ್ಮನ್ನು ರೈತನು ಕೊಂಡು ತಂದು, ದನಗಳಿಗೆ ಕಲಗಚ್ಚು ಹಾಕಲು ಎರಡು ಹೋಳು ಮಾಡಿಕೊಡಪ್ಪ ಎಂದು ಅಂಗಡಿಯ ಮುಂದೆ ಇಳಿಸುತ್ತಾನೆ. ಲಾರಿಯವನು ಸೋರುವ ಟ್ಯಾಂಕಿಗೆ ತೇಪೆ ಹಾಕಿಸಲು ಬರುತ್ತಾನೆ. ಖಾಲಿಯಾದುದರಲ್ಲಿ ಏನಿದೆಯೆಂಬುದೇ ಎಲ್ಲರ ಭಾವನೆ. ವಾಸ್ತವದಲ್ಲಿ ತುಂಬಿದ ಟ್ಯಾಂಕಿಗಿಂತ ಖಾಲಿಯಾದ ಟ್ಯಾಂಕೇ ಭಯಂಕರ. ಪೆಟ್ರೋಲಿನ ಆವಿಯು ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಿಂದ ಏಳೂವರೆ ಪಾಲಿನವರೆಗೆ ಬೆರೆತಾಗ ಮಾತ್ರ ಸಿಡಿಯುತ್ತದೆ. ತುಂಬಿದ ಟ್ಯಾಂಕಿನಲ್ಲಿ ಗಾಳಿಗೆ ಸ್ಥಳವಿಲ್ಲ, ಆವಿಯೇ ದಟ್ಟ. ಖಾಲಿ ಟ್ಯಾಂಕಿನಲ್ಲಿ ಆವಿಯೂ ಗಾಳಿಯೂ ಬೇಕಾದ ಪ್ರಮಾಣದಲ್ಲಿಯೇ ಕೂಡಿಕೊಳ್ಳುತ್ತವೆ. ಡೀಸೆಲ್ ಹಾಗಲ್ಲ, ಅದು ಬೇಗ ಹೊತ್ತಿಕೊಳ್ಳದು ಎಂಬುದು ಬೆಸುಗೆಯವರಲ್ಲಿರುವ ಇನ್ನೊಂದು ನಂಬಿಕೆ. ಬಿಸಿಲಿನಲ್ಲಿಟ್ಟ ಡೀಸೆಲಿನ ಮಟ್ಟಿಗೆ ಅದು ಬಹುಶಃ ನಿಜ. ಆದರೆ ಟಾರ್ಚಿನ ಜ್ವಾಲೆಯು ತಗಡನ್ನು ಕೆಂಪಗೆ ಕಾಯಿಸಿದಾಗ ಒಳಮೈಗೆ ಅಂಟಿದ ಒಂದು ಚಮಚ ಎಣ್ಣೆಯೂ ಆವಿಯಾಗಿ, ಅದೇ ಜ್ವಾಲೆಯಿಂದ ಹೊತ್ತಿಕೊಂಡು, ಡ್ರಮ್ಮಿನ ಮುಚ್ಚಳವನ್ನು ಕೆಲಸಗಾರನ ಎದೆಗೆ ಹೊಡೆಯುತ್ತದೆ.

೧೯೪೮ರ ಕಾಯಿದೆಯನ್ನು ರಚಿಸಿದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಅದರ ೩೭ನೆಯ ಕಲಮಿನಲ್ಲಿ, ಸ್ಫೋಟಿಸುವ ಅಥವಾ ಬೇಗ ಹೊತ್ತುವ ಪದಾರ್ಥವನ್ನು ತುಂಬಿದ್ದ ಪಾತ್ರೆಗೆ, ಆ ಪದಾರ್ಥವನ್ನೂ ಅದರ ಆವಿಯನ್ನೂ ಮೊದಲು ತೆಗೆದಲ್ಲದೆ ಬೆಸುಗೆ ಹಾಕಕೂಡದು, ಕೊಯ್ಯಕೂಡದು ಎಂದು ಸ್ಪಷ್ಟವಾಗಿ ವಿಧಿಸಿದ್ದರು. ಧೂಳಿನ ವಿಷಯದಲ್ಲಿಯೂ ಯಂತ್ರವನ್ನು ಮುಚ್ಚುವುದು, ಧೂಳು ಕೂಡದಂತೆ ನೋಡುವುದು, ಕಿಡಿಯನ್ನು ದೂರವಿಡುವುದು ಎಂಬ ಮೂರೂ ಅದೇ ಕಲಮಿನಲ್ಲಿದ್ದುವು. ಟ್ಯಾಂಕನ್ನು ಹಬೆಯಿಂದ ತೊಳೆಯುವುದು, ಇಲ್ಲವೆ ಬೆಸುಗೆಯ ಸ್ಥಳದವರೆಗೆ ನೀರು ತುಂಬಿ ಗಾಳಿಗೆ ಎಡೆಯಿಲ್ಲದಂತೆ ಮಾಡುವುದು, ಆವಿ ಉಳಿದಿಲ್ಲವೆಂದು ಅಳತೆಯ ಉಪಕರಣದಿಂದ ಪರೀಕ್ಷಿಸುವುದು ಇವೇ ಕ್ರಮಗಳು. ಆದರೆ ಮೂವರು ಕೆಲಸಮಾಡುವ ಬೆಸುಗೆಯ ಅಂಗಡಿಯು ಎಂದೂ ಕಾರ್ಖಾನೆಯಾಗಿರಲಿಲ್ಲವಾದುದರಿಂದ, ಯಾರಿಗಾಗಿ ಆ ಮಾತನ್ನು ಬರೆದರೋ ಅವರ ಕಿವಿಗೆ ಅದು ಬೀಳಲೇ ಇಲ್ಲ.

ಸಗಣಿಯ ಅನಿಲದ ವಿಚಾರವನ್ನೂ ಹೇಳಬೇಕು. ಅಮೃತಮಹಲ್ ತಳಿಯ ಕೇಂದ್ರವಿರುವ ಅಜ್ಜಂಪುರದ ಸೀಮೆಯವರಿಗೆ ದನಕರುಗಳ ಮಹಿಮೆಯನ್ನು ನಾವು ಹೇಳಬೇಕಾಗಿಲ್ಲ. ಸಗಣಿಯ ಗುಂಡಿಯಿಂದ ಒಲೆ ಉರಿಸುವುದು ಸೌದೆಯನ್ನುಳಿಸುವ ಒಳ್ಳೆಯ ಕೆಲಸ. ಆದರೆ ಗುಂಡಿ ಕಟ್ಟಿಕೊಂಡಿತೆಂದು ಅದನ್ನು ತೆರೆದು ಒಳಗಿಳಿಯುವ ಕೂಲಿಯವನ ಸ್ಥಿತಿ ಬೇರೆ. ನಮ್ಮ ಹಿರಿಯರು ಹಾಳುಬಾವಿಗೆ ಇಳಿಯುವ ಮುನ್ನ ಹಗ್ಗಕ್ಕೆ ಲಾಂದ್ರ ಕಟ್ಟಿ ಇಳಿಬಿಡುತ್ತಿದ್ದರು; ದೀಪ ನಂದಿದರೆ ಒಳಗೆ ಪ್ರಾಣವಾಯುವಿಲ್ಲವೆಂದು ತಿಳಿದು ಹಿಂದೆಗೆಯುತ್ತಿದ್ದರು. ಬಾವಿಯ ಮಟ್ಟಿಗೆ ಅದು ಬುದ್ಧಿವಂತಿಕೆಯ ಕ್ರಮವೇ. ಅದೇ ಲಾಂದ್ರವನ್ನು ಸಗಣಿಯ ಗುಂಡಿಗೋ ಕೊಳಚೆಯ ಗುಂಡಿಗೋ ಇಳಿಬಿಟ್ಟರೆ ಕಥೆಯೇ ಬೇರೆಯಾಗುತ್ತದೆ. ಅಲ್ಲಿ ಹುಟ್ಟುವ ಮೀಥೇನ್ ಎಂಬ ಅನಿಲವು ಗಾಳಿಯಲ್ಲಿ ನೂರಕ್ಕೆ ಐದರಿಂದ ಹದಿನೈದು ಪಾಲಿದ್ದಾಗ ಸಿಡಿಯುತ್ತದೆ. ಪರೀಕ್ಷೆಗೆಂದು ಇಳಿಸಿದ ದೀಪವೇ ಕಿಡಿಯಾಗುತ್ತದೆ. ಇಂಗ್ಲೆಂಡಿನ ಕಲ್ಲಿದ್ದಲ ಗಣಿಗಳಲ್ಲಿ ಇದೇ ಅನಿಲದಿಂದ ನೂರಾರು ಮಂದಿ ಸತ್ತ ಮೇಲೆಯೇ ಹಂಫ್ರಿ ಡೇವಿಯು ೧೮೧೫ರಲ್ಲಿ ಜ್ವಾಲೆಗೆ ತಂತಿಬಲೆಯ ಮುಸುಕು ಹಾಕಿದ ದೀಪವನ್ನು ರಚಿಸಿದುದು. ಹಿರಿಯರಿಂದ ಬಂದ ಕ್ರಮವನ್ನು ಗೌರವಿಸುವುದರಲ್ಲಿ ನಾವು ಯಾರಿಗೂ ಕಡಿಮೆಯಲ್ಲ. ಆದರೆ ಅವರ ಕಾಲದ ಬಾವಿಗೆ ಹೇಳಿದ ಉಪಾಯವನ್ನು ಈ ಕಾಲದ ಗುಂಡಿಗೆ ಅನ್ವಯಿಸುವುದು ಅವರಿಗೆ ಮಾಡುವ ಗೌರವವಾಗದು.

ಅಡಿಗೆಯ ಅನಿಲವು ಇದಕ್ಕೆ ವಿರುದ್ಧವಾದ ನಡೆಯುಳ್ಳದ್ದು. ಮೀಥೇನ್ ಗಾಳಿಗಿಂತ ಹಗುರ, ಮೇಲಕ್ಕೆ ಹೋಗುತ್ತದೆ. ಸಿಲಿಂಡರಿನ ಅನಿಲವು ಗಾಳಿಗಿಂತ ಭಾರ, ನೀರಿನಂತೆ ನೆಲದ ಮೇಲೆ ಹರಿದು ತಗ್ಗಿನಲ್ಲಿ ನಿಲ್ಲುತ್ತದೆ. ಕಲ್ಯಾಣಮಂಟಪಗಳ ಅಡಿಗೆಮನೆಗಳಲ್ಲಿಯೂ ಹೆದ್ದಾರಿಯ ಹೋಟೆಲುಗಳಲ್ಲಿಯೂ ಐದಾರು ಸಿಲಿಂಡರುಗಳನ್ನು ಒಟ್ಟಿಗಿಟ್ಟು, ಸೂರಿನ ಹತ್ತಿರ ಒಂದು ಗವಾಕ್ಷಿಯಿಟ್ಟು, ಗಾಳಿಯಾಡುತ್ತದೆಯೆಂದು ತೃಪ್ತಿಪಡುವುದನ್ನು ಕಾಣುತ್ತೇವೆ. ಭಾರವಾದ ಅನಿಲಕ್ಕೆ ಮೇಲಿನ ಗವಾಕ್ಷಿಯಿಂದ ಪ್ರಯೋಜನವಿಲ್ಲ. ನೆಲದ ಮಟ್ಟದಲ್ಲಿ ಬಯಲಿಗೆ ತೆರೆದ ಕಿಂಡಿ ಬೇಕು. ಗೋಡೆಯಲ್ಲಿ ನಾಲ್ಕು ಇಟ್ಟಿಗೆಯನ್ನು ತೆಗೆಸುವ ಖರ್ಚು ಅಷ್ಟೇ. ಮದುವೆಗೆ ಬಂದ ಬೀಗರು ಊಟದ ಮನೆಯಲ್ಲಿರುತ್ತಾರೆ, ಅಡಿಗೆಯ ಭಟ್ಟರೂ ಪಾತ್ರೆ ತೊಳೆಯುವ ಹೆಂಗಸರೂ ಆ ಕೊಠಡಿಯಲ್ಲಿರುತ್ತಾರೆ. ಪೆಟ್ರೋಲ್ ಬಂಕುಗಳಿಗೆ ಪ್ರತ್ಯೇಕವಾದ ಕಾನೂನೂ ನಾಗಪುರದ ಸ್ಫೋಟಕ ಇಲಾಖೆಯ ಹತೋಟಿಯೂ ಇರುವುದರಿಂದ ಇಲ್ಲಿ ಅವುಗಳನ್ನು ವಿಸ್ತರಿಸುವುದಿಲ್ಲ.

ಇನ್ನು ಕಾನೂನಿನ ಮಾತು. ಭಾರತದಲ್ಲಿ ಮೊದಲ ಕಾರ್ಖಾನೆ ಕಾಯಿದೆಯು ೧೮೮೧ರಲ್ಲಿ ಬಂದಿತು. ಅದರ ಹಿಂದೆ ಕೂಲಿಕಾರರ ಮೇಲಿನ ಕರುಣೆಯೊಂದೇ ಇರಲಿಲ್ಲ, ಮುಂಬಯಿಯ ಗಿರಣಿಗಳ ಮೇಲಿನ ಲಂಕಾಷೈರಿನವರ ಅಸೂಯೆಯೂ ಇತ್ತೆಂಬುದು ಸರ್ವವಿದಿತ. ಆಗ ನೂರು ಮಂದಿ ಇದ್ದರೆ ಕಾರ್ಖಾನೆ. ೧೮೯೧ರಲ್ಲಿ ಅದು ಐವತ್ತಾಯಿತು. ೧೯೨೨ರಲ್ಲಿ ಇಪ್ಪತ್ತಾಯಿತು. ದೇಶವು ಸ್ವತಂತ್ರವಾದ ಮರುವರ್ಷ ನಮ್ಮವರೇ ರಚಿಸಿದ ಕಾಯಿದೆಯಲ್ಲಿ ಹತ್ತಾಯಿತು. ಅಷ್ಟೇ ಅಲ್ಲದೆ, ಹತ್ತಕ್ಕೂ ಕಡಿಮೆಯಿರುವ ಸ್ಥಳಗಳನ್ನು ಕಾಯಿದೆಯೊಳಕ್ಕೆ ತರುವ ಅಧಿಕಾರವನ್ನು ೮೫ನೆಯ ಕಲಮಿನಿಂದ ಪ್ರಾಂತ ಸರ್ಕಾರಗಳಿಗೆ ಕೊಟ್ಟರು. ಪರರ ಆಳ್ವಿಕೆಯಲ್ಲಿಯೂ ನಮ್ಮ ಆಳ್ವಿಕೆಯಲ್ಲಿಯೂ ಒಂದೇ ದಿಕ್ಕಿನಲ್ಲಿ, ಎಂದರೆ ಕೆಳಮುಖವಾಗಿ, ಸಾಗುತ್ತಿದ್ದ ಈ ಸಂಖ್ಯೆಯು ಈಗ ಹತ್ತರಿಂದ ಇಪ್ಪತ್ತಕ್ಕೆ ಏರಿದೆ. ಸ್ವದೇಶೀಯರು ರಚಿಸಿದುದೆಂಬ ಕಾರಣದಿಂದಲೇ ನಾವು ಇದನ್ನು ಮೆಚ್ಚಲಾರೆವು. ೧೯೨೨ರಲ್ಲಿ ಬ್ರಿಟಿಷರು ನಿಲ್ಲಿಸಿದ ಗೆರೆಗೆ ಒಂದು ಸ್ವತಂತ್ರ ರಾಷ್ಟ್ರವು ಹಿಂದಿರುಗಿ ಹೋಗಬೇಕಾಗಿರಲಿಲ್ಲ.

ನ್ಯಾಯವಾಗಿ ಹೇಳಬೇಕಾದುದನ್ನೂ ಹೇಳುತ್ತೇವೆ. ಕಾರ್ಖಾನೆಯೆಂಬ ಹೆಸರು ತಪ್ಪಿದರೂ, ಹತ್ತು ಮಂದಿಯಿರುವ ಕೆಲಸದ ಸ್ಥಳದ ಯಜಮಾನನಿಗೆ ಸುರಕ್ಷತೆಯ ಸಾಮಾನ್ಯ ಕರ್ತವ್ಯಗಳು ಹೊಸ ಸಂಹಿತೆಯಲ್ಲಿಯೂ ಇವೆ. ಅಪಾಯಕರವಾದ ಕೆಲಸ ನಡೆಯುವ ಸ್ಥಳಗಳಿಗೆ ತಲೆಗಳ ಸಂಖ್ಯೆಯನ್ನು ಎಣಿಸದೆ ಸಂಹಿತೆಯನ್ನು ಅನ್ವಯಿಸುವಂತೆ ಪ್ರಕಟಣೆ ಹೊರಡಿಸುವ ಅಧಿಕಾರವನ್ನೂ ಕೇಂದ್ರ ಸರ್ಕಾರವು ಇಟ್ಟುಕೊಂಡಿದೆ. ನಕ್ಷೆಯ ಮಂಜೂರಾತಿ, ಲೈಸೆನ್ಸು ಮುಂತಾದ ಕಾರ್ಖಾನೆಯ ಕಟ್ಟುಪಾಡುಗಳು ಮಾತ್ರ ಹನ್ನೆರಡು, ಹದಿನೈದು ಮಂದಿಯ ಗಿರಣಿಗಳಿಂದ ಜಾರಿಹೋಗಿವೆ. ಹಳೆಯ ೩೭ನೆಯ ಕಲಮಿನಂತಹ ವಿವರಗಳನ್ನು ಹೊಸ ಸಂಹಿತೆಯು ಬಹುಮಟ್ಟಿಗೆ ಸರ್ಕಾರವು ಗೊತ್ತುಮಾಡುವ ಮಾನದಂಡಗಳಿಗೂ ನಿಯಮಗಳಿಗೂ ಬಿಟ್ಟಿದೆ. ಹೀಗಿರುವಲ್ಲಿ ಸಂಹಿತೆಯ ಗುಣದೋಷಗಳು ಆ ನಿಯಮಗಳ ಮೇಲೆಯೂ ಮೇಲೆ ಹೇಳಿದ ಪ್ರಕಟಣೆಯ ಮೇಲೆಯೂ ನಿಂತಿವೆ.

ಐರೋಪ್ಯ ರಾಷ್ಟ್ರಗಳ ಒಕ್ಕೂಟದವರು ೧೯೯೯ರಲ್ಲಿ ಇದೇ ವಿಷಯವಾಗಿ ಹೊರಡಿಸಿದ ಆದೇಶವನ್ನು ನಮ್ಮ ಸರ್ಕಾರದವರು ಒಮ್ಮೆ ಓದಬೇಕೆಂದು ಸೂಚಿಸುತ್ತೇವೆ. ಅದರಲ್ಲಿ ಎಷ್ಟು ಮಂದಿ ದುಡಿಯುತ್ತಾರೆಂಬ ಪ್ರಶ್ನೆಯೇ ಬರುವುದಿಲ್ಲ. ಕೆಲಸಕ್ಕೆ ಆಳನ್ನಿಟ್ಟ ಯಜಮಾನನು ತನ್ನ ಸ್ಥಳದಲ್ಲಿ ಸಿಡಿಯುವ ಗಾಳಿಯು ಸದಾ ಇರುವುದೆಲ್ಲಿ, ಆಗಾಗ ಉಂಟಾಗುವುದೆಲ್ಲಿ, ಅಪರೂಪಕ್ಕೆ ಉಂಟಾಗುವುದೆಲ್ಲಿ ಎಂದು ಮೂರು ವಲಯಗಳಾಗಿ ಗುರುತುಮಾಡಬೇಕು. ಆಯಾ ವಲಯಕ್ಕೆ ತಕ್ಕ ದೀಪ, ಮೋಟಾರುಗಳನ್ನು ಮಾತ್ರ ಇಡಬೇಕು. ಇದೆಲ್ಲವನ್ನೂ ಕಾಗದದಲ್ಲಿ ಬರೆದಿಟ್ಟಿರಬೇಕು. ವಲಯಗಳ ವಿಂಗಡಣೆಗೆ ನಮ್ಮ ದೇಶದಲ್ಲಿಯೂ ಭಾರತೀಯ ಮಾನಕವಿದೆ, ಅದರ ಸಂಖ್ಯೆ ೫೫೭೨. ವಿದ್ಯೆಯು ನಮ್ಮಲ್ಲಿ ಇಲ್ಲವೆಂಬ ಮಾತು ನಿಲ್ಲದು. ದೊಡ್ಡ ತೈಲ ಕಂಪನಿಗಳು ಅದನ್ನು ಅನುಸರಿಸುತ್ತವೆ, ಬೀರೂರಿನ ಗಿರಣಿಯವನಿಗೆ ಅದರ ಹೆಸರು ಕೇಳಿಯೂ ಗೊತ್ತಿಲ್ಲ.

ಸಣ್ಣ ಉದ್ಯಮಿಗಳು ನಮ್ಮ ಮೇಲೆ ಕೋಪಗೊಳ್ಳಬಹುದು. ಬ್ಯಾಂಕಿನ ಸಾಲ, ವಿದ್ಯುತ್ತಿನ ಕಾಟ, ಕೊಬ್ಬರಿಯ ದರದ ಏರಿಳಿತ ಇವುಗಳ ನಡುವೆ ಇನ್ನೊಬ್ಬ ಇನ್‌ಸ್ಪೆಕ್ಟರನನ್ನು ಬಾಗಿಲಿಗೆ ಕರೆತರುತ್ತೀರೇನು ಎಂದು ಕೇಳಬಹುದು. ಅವರ ಕಷ್ಟವನ್ನು ನಾವು ಬಲ್ಲೆವು. ಊರಿನ ಬೆಳೆಯನ್ನು ಊರಿನಲ್ಲಿಯೇ ಪದಾರ್ಥವನ್ನಾಗಿ ಮಾಡುವ ಈ ಜನರೇ ನಿಜವಾದ ಸ್ವದೇಶಿಗಳೆಂದು ನಮ್ಮ ಅಭಿಪ್ರಾಯ. ಹತ್ತನ್ನು ಇಪ್ಪತ್ತು ಮಾಡಿದುದು ಇವರ ತೊಂದರೆಯನ್ನು ತಗ್ಗಿಸಲೆಂದೇ ಎಂದು ಸರ್ಕಾರದವರು ಹೇಳುತ್ತಾರೆ. ಆದರೆ ರಿಜಿಸ್ಟರುಗಳನ್ನು ತುಂಬುವ ತೊಂದರೆ ಬೇರೆ, ಗಾಳಿಯು ಸಿಡಿಯುವ ತೊಂದರೆ ಬೇರೆ. ಮೊದಲನೆಯದನ್ನು ಎಷ್ಟು ಬೇಕಾದರೂ ಕಡಿಮೆಮಾಡಲಿ, ನಮ್ಮ ಆಕ್ಷೇಪವಿಲ್ಲ. ಎರಡನೆಯದರಲ್ಲಿ ಸಣ್ಣವರಿಗೆ ರಿಯಾಯಿತಿ ಕೊಟ್ಟೆವೆಂದರೆ ಸಣ್ಣವರನ್ನು ಕೈಬಿಟ್ಟೆವೆಂದೇ ಅರ್ಥ. ಏಕೆಂದರೆ ಅಂತಹ ಸ್ಥಳಗಳಲ್ಲಿ ಯಜಮಾನನೂ ಅವನ ಮಗನೂ ಕೂಲಿಯವನ ಪಕ್ಕದಲ್ಲಿಯೇ ನಿಂತಿರುತ್ತಾರೆ.

ಖಾಲಿ ಟ್ಯಾಂಕು ಡ್ರಮ್ಮುಗಳನ್ನು ಕೊಯ್ಯುವುದು ಮತ್ತು ಬೆಸೆಯುವುದು, ನಾರು ಕರಟ ಮರ ಇವುಗಳ ಹುಡಿ ಮಾಡುವುದು, ಮುಚ್ಚಿದ ಗುಂಡಿಗಳಿಗೆ ಇಳಿಯುವುದು ಇವಿಷ್ಟನ್ನಾದರೂ ಅಪಾಯಕರ ಕೆಲಸಗಳೆಂದು ಪ್ರಕಟಿಸಿ, ಒಬ್ಬನೇ ಕೆಲಸಗಾರನಿದ್ದರೂ ಸಂಹಿತೆಯು ಅನ್ವಯಿಸುವಂತೆ ಕೇಂದ್ರ ಸರ್ಕಾರವು ಮಾಡಬೇಕು. ಕರ್ನಾಟಕ ಸರ್ಕಾರವೂ ನಮ್ಮ ಲೋಕಸಭಾ ಸದಸ್ಯರೂ ಅದಕ್ಕಾಗಿ ಒತ್ತಾಯಪಡಿಸಬೇಕು. ಹಳೆಯ ೩೭ನೆಯ ಕಲಮಿನ ಮಾತುಗಳು ಹೊಸ ನಿಯಮಗಳಲ್ಲಿ ಒಂದಕ್ಷರವೂ ಸಡಿಲವಾಗದಂತೆ ಬರಬೇಕು. ಆದರೆ ದೆಹಲಿಯ ಪ್ರಕಟಣೆಯನ್ನು ಕಾದು ಕುಳಿತಿರಬೇಕಾದ ಅಗತ್ಯವೇನೂ ಇಲ್ಲ. ಕಡೂರು, ಬೀರೂರು, ತರೀಕೆರೆಗಳ ಪುರಸಭೆಗಳೂ ಅಜ್ಜಂಪುರದ ಪಟ್ಟಣ ಪಂಚಾಯಿತಿಯೂ ಗ್ರಾಮ ಪಂಚಾಯಿತಿಗಳೂ ಉದ್ಯಮಗಳಿಗೆ ಪರವಾನಗಿ ಕೊಡುವಾಗ ಕಂದಾಯದ ರಸೀದಿಯ ಜೊತೆಗೆ ಗವಾಕ್ಷಿ, ದೀಪ, ಸ್ವಿಚ್ಚುಗಳನ್ನೂ ಒಮ್ಮೆ ನೋಡಿಬರಬಹುದು. ಕಾರ್ಖಾನೆಗಳು, ಬಾಯ್ಲರುಗಳು, ಕೈಗಾರಿಕಾ ಸುರಕ್ಷತೆ ಮತ್ತು ಆರೋಗ್ಯ ಇಲಾಖೆಯವರು ಚಿತ್ರಸಹಿತವಾದ ಒಂದು ಹಾಳೆಯನ್ನು ತಿಳಿಗನ್ನಡದಲ್ಲಿ ಅಚ್ಚುಹಾಕಿಸಿ ಪ್ರತಿ ಗಿರಣಿಗೂ ಬೆಸುಗೆಯ ಅಂಗಡಿಗೂ ಅಂಟಿಸಲಿ. ನಾರಿನ ಕೆಲಸಕ್ಕೆ ಹೊರರಾಜ್ಯಗಳಿಂದ ಬಂದವರಿರುವ ಕಡೆ ಹಿಂದಿಯ ಹಾಳೆಯೂ ಇರಲಿ. ಕೈಯಲ್ಲಿ ಹಿಡಿದು ಗಾಳಿಯಲ್ಲಿನ ಆವಿಯನ್ನು ಅಳೆಯುವ ಸಣ್ಣ ಉಪಕರಣಗಳು ಈಗ ಪೇಟೆಯಲ್ಲಿ ದೊರೆಯುತ್ತವೆ. ತಾಲ್ಲೂಕಿಗೆ ಒಂದರಂತೆ ಅಗ್ನಿಶಾಮಕ ದಳದವರ ವಶದಲ್ಲಿಟ್ಟು, ಟ್ಯಾಂಕು ಕೊಯ್ಯುವವನೂ ಗುಂಡಿಗೆ ಇಳಿಸುವವನೂ ಕೇಳಿದಾಗ ಬಂದು ಅಳೆದುಕೊಡುವ ಏರ್ಪಾಡನ್ನು ಜಿಲ್ಲಾಡಳಿತವು ಮಾಡಿದರೆ ಅದಕ್ಕೆ ತಗಲುವ ಹಣವು ಒಂದು ಉದ್ಘಾಟನಾ ಸಮಾರಂಭದ ಶಾಮಿಯಾನದ ಬಾಡಿಗೆಯನ್ನು ಮೀರಲಾರದು.

ಸರ್ಕಾರದಿಂದ ಏನೂ ಬರುವುದಕ್ಕೆ ಮುಂಚೆಯೇ ಬೆಸುಗೆಯ ಕಸುಬಿನವರು ಒಂದು ಕಟ್ಟುಪಾಡನ್ನು ತಾವಾಗಿಯೇ ಮಾಡಿಕೊಳ್ಳಬಹುದು. ಒಳಗೆ ಏನಿತ್ತೆಂದು ತಿಳಿಯದ ಡ್ರಮ್ಮನ್ನು ಯಾರೇ ತಂದರೂ, ಎಷ್ಟೇ ಅವಸರವೆಂದರೂ, ನೀರು ತುಂಬದೆ ಟಾರ್ಚು ಹಚ್ಚುವುದಿಲ್ಲವೆಂದು ಕಡೂರಿನಿಂದ ತರೀಕೆರೆಯವರೆಗಿನ ಅಂಗಡಿಗಳವರೆಲ್ಲರೂ ಒಂದಾಗಿ ಹೇಳಿದರೆ ಗಿರಾಕಿಯು ಪಕ್ಕದ ಅಂಗಡಿಗೆ ಹೋಗಿ ಪ್ರಯೋಜನವಾಗದು. ಅಂತಹ ನಿರ್ಣಯವನ್ನು ಮಾಡಿ ನಮಗೆ ಕಳುಹಿಸಿದರೆ ಅದನ್ನು ನಾವು ಈ ಪುಟದಲ್ಲಿಯೇ ಪ್ರಕಟಿಸುವೆವು.